ನಿನೆವೆಗೆ ಇಬ್ಬರು ಪ್ರವಾದಿಗಳು

ಬೈಬಲಿನ ಮಾತು ಬಂದಾಗಲೆಲ್ಲ ಒಂದು ಅಭಿಪ್ರಾಯ ತಪ್ಪದೆ ಕೇಳಿಬರುತ್ತದೆ. ಹಳೆ ಒಡಂಬಡಿಕೆಯ ದೇವರು ಕೋಪಿಷ್ಠ, ಹೊಸ ಒಡಂಬಡಿಕೆಯ ದೇವರು ಕರುಣಾಮಯಿ ಎಂಬುದೇ ಅದು. ಕ್ರೈಸ್ತರೂ ಇದನ್ನು ಹೇಳುತ್ತಾರೆ, ಕ್ರೈಸ್ತರೊಡನೆ ವಾದಕ್ಕೆ ನಿಲ್ಲುವವರೂ ಹೇಳುತ್ತಾರೆ. ಮೊದಲಿನವರ ದನಿಯಲ್ಲಿ 'ಹೋಗಲಿ ಬಿಡಿ, ಅದೆಲ್ಲ ಹಳೆಯ ಕಾಲದ್ದು' ಎಂಬ ಸಮಾಧಾನವಿರುತ್ತದೆ; ಎರಡನೆಯವರ ದನಿಯಲ್ಲಿ 'ಸಿಕ್ಕಿಬಿದ್ದಿರಿ' ಎಂಬ ಗೆಲುವು. ದೇವರನ್ನೇ ನಂಬದವರಿಗಂತೂ ಇದು ಕೈಗೆ ಸುಲಭವಾಗಿ ಸಿಗುವ ಕಲ್ಲು. ಮೂವರೂ ಒಪ್ಪುವ ಮಾತು ಎಂದ ಮೇಲೆ ಅದು ನಿಜವೇ ಇರಬೇಕೆಂದು ನಾವೂ ಬಹಳ ಕಾಲ ಅಂದುಕೊಂಡಿದ್ದೆವು.

ಸಮಸ್ಯೆಯೇನೂ ಕಲ್ಪಿತವಲ್ಲ. ಸಮುವೇಲನ ಮೊದಲನೆಯ ಪುಸ್ತಕದ 15ನೆಯ ಅಧ್ಯಾಯವನ್ನು ತೆಗೆದು ನೋಡಿ. ಅಮಾಲೇಕ್ಯರನ್ನು ಗಂಡಸು, ಹೆಂಗಸು, ಮಗು, ಮೊಲೆಗೂಸು ಎನ್ನದೆ, ದನ, ಕುರಿ, ಒಂಟೆ, ಕತ್ತೆಗಳನ್ನೂ ಬಿಡದೆ ಮುಗಿಸಬೇಕೆಂಬ ಆಜ್ಞೆ ದೇವರ ಹೆಸರಿನಲ್ಲಿ ಸೌಲ ರಾಜನಿಗೆ ಬರುತ್ತದೆ. ಸೌಲ ಜನರನ್ನು ಕೊಲ್ಲುತ್ತಾನೆ, ಆದರೆ ಅವರ ರಾಜನನ್ನೂ ಕೊಬ್ಬಿದ ದನಕುರಿಗಳನ್ನೂ ಉಳಿಸಿಕೊಳ್ಳುತ್ತಾನೆ. ಆ ಉಳಿಸಿಕೊಂಡ ತಪ್ಪಿಗಾಗಿ ದೇವರು ಅವನನ್ನು ರಾಜತ್ವಕ್ಕೆ ತಕ್ಕವನಲ್ಲವೆಂದು ತಳ್ಳಿಬಿಡುತ್ತಾನೆ. ಇನ್ನು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯಕ್ಕೆ ಬಂದರೆ, ಬೆಟ್ಟದ ಮೇಲೆ ಕುಳಿತ ಯೇಸು ಶತ್ರುಗಳನ್ನು ಪ್ರೀತಿಸಿ ಎನ್ನುತ್ತಾನೆ. ಅವನು ಕೊಡುವ ಕಾರಣ, ದೇವರು ಬಿಸಿಲನ್ನೂ ಮಳೆಯನ್ನೂ ಕೊಡುವಾಗ ಒಳ್ಳೆಯವರು ಕೆಟ್ಟವರೆಂದು ಬೇರೆ ಮಾಡುವುದಿಲ್ಲ ಎಂಬುದು. ಈ ಎರಡು ಪುಟಗಳನ್ನು ಒಂದೇ ಸಂಜೆ ಓದಿದವನಿಗೆ ಪ್ರಶ್ನೆ ಏಳದಿದ್ದರೆ ಅವನು ಸರಿಯಾಗಿ ಓದಿಲ್ಲವೆಂದೇ ಹೇಳಬೇಕು.

ಆದರೆ ಈ ಬಿರುಕು ನಿಜವಾಗಿ ಎಲ್ಲಿದೆ? ಎರಡು ಒಡಂಬಡಿಕೆಗಳ ನಡುವೆ ಎಂದು ಎಲ್ಲರೂ ಹೇಳುತ್ತಾರೆ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಮಾತನ್ನು ಯೇಸು ಎತ್ತಿಕೊಂಡದ್ದು ಯಾಜಕಕಾಂಡದ 19ನೆಯ ಅಧ್ಯಾಯದಿಂದ. ಅದೇ ಅಧ್ಯಾಯ ಕೆಲವು ವಚನಗಳ ನಂತರ ಪರದೇಶದವನನ್ನೂ ಹಾಗೆಯೇ ಪ್ರೀತಿಸಬೇಕೆಂದು ಹೇಳುತ್ತದೆ. ಅತ್ತ ಹೊಸ ಒಡಂಬಡಿಕೆಯಲ್ಲಿ, ಹೊಲ ಮಾರಿದ ಹಣದಲ್ಲಿ ಸ್ವಲ್ಪವನ್ನು ಬಚ್ಚಿಟ್ಟುಕೊಂಡು ಸುಳ್ಳು ಹೇಳಿದ ಅನನೀಯ, ಸಪ್ಫೈರ ಎಂಬ ಗಂಡಹೆಂಡಿರು ನಿಂತಲ್ಲೇ ಬಿದ್ದು ಸಾಯುತ್ತಾರೆ. ಪ್ರಕಟನೆಯ ಪುಸ್ತಕದಲ್ಲಿ ದೇವರ ಕೋಪದ ದ್ರಾಕ್ಷಿಯ ತೊಟ್ಟಿಯಿಂದ ಹರಿಯುವ ರಕ್ತ ಕುದುರೆಗಳ ಕಡಿವಾಣದವರೆಗೂ ಏರುತ್ತದೆ. ಹಳೆಯದರಲ್ಲಿ ಕೋಪ, ಹೊಸದರಲ್ಲಿ ಪ್ರೀತಿ ಎಂಬ ಲೆಕ್ಕ ಎಲ್ಲಿ ಉಳಿಯಿತು?

ಕನ್ನಡದ ಓದುಗರಿಗೆ ಈ ತಪ್ಪು ಲೆಕ್ಕ ಇನ್ನಷ್ಟು ಸುಲಭವಾಗಿ ಮನಸ್ಸಿಗೆ ಬರಲು ಒಂದು ಕಾರಣವಿದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 'ಸತ್ಯವೇದವು' ಭಾಷಾಂತರದಲ್ಲಿ ಹಳೆ ಒಡಂಬಡಿಕೆಯ ದೇವರ ಹೆಸರು ಯೆಹೋವ. ಹೊಸ ಒಡಂಬಡಿಕೆಗೆ ಬಂದರೆ ಆ ಹೆಸರು ಕಾಣೆಯಾಗಿ 'ಕರ್ತನು' ಎಂಬ ಪದ ಬರುತ್ತದೆ. ಕಾರಣ ಸರಳವಾದದ್ದು: ಹೊಸ ಒಡಂಬಡಿಕೆ ಬರೆದದ್ದು ಗ್ರೀಕಿನಲ್ಲಿ, ಆ ಗ್ರೀಕಿನಲ್ಲಿ ಹೀಬ್ರೂ ಹೆಸರಿನ ಬದಲು ಒಡೆಯ ಎಂಬರ್ಥದ ಪದವಿದೆ. ಯೇಸು ಮೋಶೆಯ ಮಾತನ್ನು ಉದ್ಧರಿಸುವಾಗಲೂ ಕನ್ನಡದಲ್ಲಿ ಮೋಶೆಯ ಬಾಯಲ್ಲಿ ಒಂದು ಹೆಸರು, ಯೇಸುವಿನ ಬಾಯಲ್ಲಿ ಇನ್ನೊಂದು. ಮೊದಲ ಸಲ ಓದುವ ಸಾಮಾನ್ಯ ಓದುಗ ಇವರು ಇಬ್ಬರಿರಬೇಕೆಂದು ಭಾವಿಸಿದರೆ ಅವನನ್ನು ದೂರುವಂತಿಲ್ಲ.

ಬಿರುಕು ನಿಜವಾಗಿ ಇರುವ ಕಡೆಗೆ ಬೆರಳಿಡಲು ನಾವು ಎರಡು ಚಿಕ್ಕ ಪುಸ್ತಕಗಳನ್ನು ಆರಿಸಿಕೊಂಡಿದ್ದೇವೆ. ಎರಡೂ ಹಳೆ ಒಡಂಬಡಿಕೆಯವೇ, ಹನ್ನೆರಡು ಕಿರಿಯ ಪ್ರವಾದಿಗಳ ಸಾಲಿನವು. ಯೋನನದು 48 ವಚನ, ನಹೂಮನದು 47. ಈಗಿನ ಮುದ್ರಣಗಳಲ್ಲಿ ಇವೆರಡರ ನಡುವೆ ಮೀಕನೊಬ್ಬ ಇದ್ದಾನೆ. ಹಳೆಯ ಗ್ರೀಕ್ ಅನುವಾದದ ಕ್ರಮದಲ್ಲಿ ಅವನೂ ಇಲ್ಲ, ಯೋನ ಮುಗಿದ ಕೂಡಲೇ ನಹೂಮ. ಎರಡರ ವಿಷಯವೂ ಒಂದೇ ನಗರ, ನಿನೆವೆ. ಎರಡೂ ಪ್ರಶ್ನೆಯೊಂದರಿಂದ ಮುಗಿಯುತ್ತವೆ. ಇಷ್ಟು ಹೋಲಿಕೆಯಿರುವ ಈ ಎರಡು ಪುಸ್ತಕಗಳಷ್ಟು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತವು ಬೈಬಲಿನಲ್ಲಿ ಮತ್ತೆರಡು ಇಲ್ಲವೆಂದು ನಮಗೆ ತೋರುತ್ತದೆ.

ನಿನೆವೆ ಎಂದರೆ ಏನಾಗಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಈಗಿನ ಇರಾಕಿನ ಮೊಸುಲ್ ನಗರದ ಎದುರು, ಟೈಗ್ರಿಸ್ ನದಿಯ ದಡದಲ್ಲಿದ್ದ ಅಸ್ಸೀರಿಯಾದ ರಾಜಧಾನಿ ಅದು. ಅಸ್ಸೀರಿಯಾ ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯವನ್ನು ಕೆಡವಿ ಉತ್ತರದ ಇಸ್ರೇಲ್ ರಾಜ್ಯವನ್ನು ಅಳಿಸಿಹಾಕಿತು, ಜನರನ್ನು ಬೇರುಸಹಿತ ಕಿತ್ತು ಬೇರೆ ನಾಡುಗಳಿಗೆ ಸಾಗಿಸಿತು. ಕ್ರಿ.ಪೂ. 701ರಲ್ಲಿ ಸನ್ಹೇರೀಬನು ಯೆಹೂದದ ಲಾಕೀಷ್ ಪಟ್ಟಣವನ್ನು ಮುತ್ತಿ ಹಿಡಿದ. ಆ ವಿಜಯವನ್ನು ಅವನು ನಿನೆವೆಯ ತನ್ನ ಅರಮನೆಯ ಗೋಡೆಗಳ ಮೇಲೆ ಕೆತ್ತಿಸಿದ. ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಶೂಲಕ್ಕೇರಿಸಿದ ಬಂದಿಗಳು, ಚರ್ಮ ಸುಲಿಸಿಕೊಳ್ಳುತ್ತಿರುವವರು, ಗಾಡಿಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಗಡೀಪಾರಾಗುತ್ತಿರುವ ಸಂಸಾರಗಳು. ಇವನ್ನು ಬಿಡಿಸಿದ್ದು ಸೋತವರಲ್ಲ, ಗೆದ್ದವರು; ದೂರಲೆಂದಲ್ಲ, ಮೆರೆಯಲೆಂದು.

ನಹೂಮ ಹಾಡುವುದು ಈ ನಗರದ ಸಾವನ್ನು. ಈಜಿಪ್ಟಿನ ಥೀಬ್ಸ್ ನಗರ ಬಿದ್ದ ಸಂಗತಿ (ಕ್ರಿ.ಪೂ. 663) ಅವನಿಗೆ ಗೊತ್ತು; ನಿನೆವೆ ಬಿದ್ದದ್ದು ಕ್ರಿ.ಪೂ. 612ರಲ್ಲಿ. ಈ ಎರಡು ವರ್ಷಗಳ ನಡುವೆ ಎಲ್ಲೋ ಅವನ ಮಾತುಗಳು ಹುಟ್ಟಿರಬೇಕೆಂಬುದು ಬಹುಪಾಲು ವಿದ್ವಾಂಸರ ಮತ. ಕಾವ್ಯವಾಗಿ ಅದು ಅಸಾಧಾರಣ. ಚಾವಟಿಯ ಸದ್ದು, ಗಾಲಿಗಳ ಗಡಗಡ, ಓಡುವ ಕುದುರೆ, ಮಿಂಚುವ ಈಟಿ, ಹೆಣಗಳನ್ನು ಎಡವುತ್ತಾ ಓಡುವ ಜನ, ಎಲ್ಲವೂ ತುಂಡು ತುಂಡಾಗಿ, ಕ್ರಿಯಾಪದಕ್ಕೂ ಬಿಡುವಿಲ್ಲದಂತೆ ಬರುತ್ತವೆ. ಅವನ ದೇವರು ಸೇಡು ತೀರಿಸುವವನು. ನಗರವನ್ನು ವೇಶ್ಯೆಯೆಂದು ಕರೆದು, ದೇವರೇ ಅವಳ ಬಟ್ಟೆಯನ್ನು ಮುಖದ ಮೇಲಕ್ಕೆತ್ತಿ ಲೋಕದೆದುರು ಬೆತ್ತಲೆ ಮಾಡುತ್ತಾನೆಂದು ನಹೂಮ ಬರೆಯುತ್ತಾನೆ. ಈ ಪ್ರತಿಮೆಯನ್ನು ನಾವು ಒಪ್ಪಲಾರೆವು. ಯುದ್ಧದಲ್ಲಿ ಹೆಣ್ಣುಗಳಿಗೆ ಸೈನಿಕರು ಮಾಡುವುದನ್ನೇ ಇಲ್ಲಿ ದೇವರ ಕೈಯಲ್ಲಿ ಮಾಡಿಸಲಾಗಿದೆ. ಕೊನೆಯ ವಚನದಲ್ಲಿ, ಸುದ್ದಿ ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಿನ್ನ ಕ್ರೌರ್ಯ ತಟ್ಟದೆ ಉಳಿದವರು ಯಾರಿದ್ದಾರೆ ಎಂಬ ಪ್ರಶ್ನೆಯೊಂದಿಗೆ ಪುಸ್ತಕ ಮುಗಿಯುತ್ತದೆ.

ಯೋನನ ಕತೆ ಮಕ್ಕಳಿಗೂ ಗೊತ್ತು, ಆದರೆ ಮೀನಿನವರೆಗೆ ಮಾತ್ರ ಗೊತ್ತು. ಪುಸ್ತಕದ ಜೀವ ಇರುವುದು ಮೀನು ಅವನನ್ನು ದಡಕ್ಕೆ ಕಾರಿದ ಮೇಲೆ. ಯೋನ ಎಂಬ ಹೆಸರಿನ ಪ್ರವಾದಿಯೊಬ್ಬ ಕ್ರಿ.ಪೂ. ಎಂಟನೆಯ ಶತಮಾನದಲ್ಲಿ, ಇಮ್ಮಡಿ ಯಾರೊಬ್ಬಾಮನ ಕಾಲದಲ್ಲಿ ಇದ್ದನೆಂದು ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ನಮ್ಮ ಕೈಯಲ್ಲಿರುವ ಕತೆಯನ್ನು ಮಾತ್ರ ಅದಕ್ಕೆ ಬಹಳ ಕಾಲದ ಮೇಲೆ, ಬಾಬಿಲೋನಿನ ಸೆರೆಯ ನಂತರ ಬರೆದಿರಬೇಕೆಂದು ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. ಹಾಗಿದ್ದರೆ ಮೊದಲ ಓದುಗರಿಗೆ ನಿನೆವೆ ಆಗಲೇ ಮಣ್ಣಾಗಿದ್ದುದು ಗೊತ್ತಿತ್ತು, ನಹೂಮನ ಮಾತೂ ಗೊತ್ತಿತ್ತು. ಗೊತ್ತಿದ್ದ ಜನರ ಮುಂದೆ ಆ ನಗರ ಒಮ್ಮೆ ಕ್ಷಮೆ ಪಡೆದಿತ್ತೆಂಬ ಕತೆಯನ್ನು ಹೇಳುವ ಧೈರ್ಯ ಸಾಮಾನ್ಯದ್ದಲ್ಲ.

ಯೋನ ನಗರದೊಳಗೆ ಹೋಗಿ ಮಾಡುವ ಉಪದೇಶ ಹೀಬ್ರೂವಿನಲ್ಲಿ ಬರೀ ಐದು ಪದ. ನಲವತ್ತು ದಿನ ಕಳೆದರೆ ನಿನೆವೆ ಕೆಡವಲ್ಪಡುತ್ತದೆ ಎಂದಷ್ಟೆ. ಪಶ್ಚಾತ್ತಾಪಪಡಿ ಎಂದೂ ಹೇಳುವುದಿಲ್ಲ, ದೇವರ ಹೆಸರನ್ನೂ ಎತ್ತುವುದಿಲ್ಲ. ಇಷ್ಟು ಜಿಪುಣ ಪ್ರವಾದಿ ಇನ್ನೊಬ್ಬನಿಲ್ಲ. ಆದರೆ ಅವನು ಬಳಸಿದ ಕ್ರಿಯಾಪದಕ್ಕೆ ಎರಡು ಅರ್ಥವಿದೆ. ಸೊದೋಮನ್ನು ಕೆಡವಿದ್ದೂ ಅದೇ ಪದ, ತಿರುಗಿ ಬೇರೆಯಾಗುವುದೂ ಅದೇ ಪದ. ನಗರ ಎರಡನೆಯ ಅರ್ಥವನ್ನು ಆರಿಸಿಕೊಂಡಿತು! ಅರಸನಿಂದ ಹಿಡಿದು ಎಲ್ಲರೂ ಗೋಣಿತಟ್ಟು ಉಟ್ಟು ಉಪವಾಸ ಕೂರುತ್ತಾರೆ. ದನಕುರಿಗಳಿಗೂ ಗೋಣಿತಟ್ಟು, ದನಕುರಿಗಳಿಗೂ ಉಪವಾಸ. ದೇವರು ಮನಸ್ಸು ಬದಲಿಸುತ್ತಾನೆ. ಯೋನನಿಗೆ ಸಿಟ್ಟು ಬರುತ್ತದೆ, ಸಾಯುವುದೇ ಮೇಲೆನ್ನುವಷ್ಟು ಸಿಟ್ಟು.

ಇಲ್ಲಿ ಯೋನ ಆಡುವ ಮಾತೇ ನಮ್ಮ ಚರ್ಚೆಯ ಕೀಲಿ. ನೀನು ಹೀಗೆ ಮಾಡುತ್ತೀಯೆಂದು ನನಗೆ ಗೊತ್ತಿತ್ತು, ಅದಕ್ಕೇ ನಾನು ತಾರ್ಷೀಷಿಗೆ ಓಡಿಹೋದದ್ದು ಎನ್ನುತ್ತಾ, ದೇವರ ಗುಣಗಳನ್ನು ಆಪಾದನೆಯ ಪಟ್ಟಿಯಂತೆ ಓದುತ್ತಾನೆ: ಕರುಣೆ, ದಯೆ, ತಡವಾಗಿ ಬರುವ ಕೋಪ, ತುಂಬಿದ ಪ್ರೀತಿ, ಕೇಡು ಮಾಡಲು ಹೋಗಿ ಹಿಂದೆಗೆಯುವುದು. ಈ ಪಟ್ಟಿ ಅವನದಲ್ಲ. ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ತನ್ನ ಪರಿಚಯ ತಾನೇ ಹೇಳಿಕೊಳ್ಳುವ ಮಾತುಗಳವು. ಆದರೆ ಅಲ್ಲಿ ಪಟ್ಟಿಗೆ ಎರಡು ಭಾಗ. ಮೊದಲರ್ಧದಲ್ಲಿ ದಯೆ, ಕ್ಷಮೆ. ಎರಡನೆಯರ್ಧದಲ್ಲಿ ಅಪರಾಧಿಯನ್ನು ಸುಮ್ಮನೆ ಬಿಡದಿರುವುದು, ತಂದೆಗಳ ಪಾಪವನ್ನು ಮಕ್ಕಳ ಮೇಲೆ ಮೂರು ನಾಲ್ಕು ತಲೆಗಳವರೆಗೆ ವಿಚಾರಿಸುವುದು. ಯೋನನ ಪುಸ್ತಕ ಮೊದಲರ್ಧವನ್ನು ಮಾತ್ರ ಹೇಳುತ್ತದೆ. ನಹೂಮ ತನ್ನ ಪುಸ್ತಕವನ್ನು ಆರಂಭಿಸುವುದೇ ಇದೇ ಮಾತುಗಳಿಂದ, ಆದರೆ ಅವನು ಹಿಡಿದದ್ದು ಎರಡನೆಯರ್ಧವನ್ನು. ಅಷ್ಟೇ ಅಲ್ಲ, ಮೂಲದಲ್ಲಿ ತಡವಾಗಿ ಕೋಪಗೊಳ್ಳುವವನು, ಪ್ರೀತಿಯಲ್ಲಿ ದೊಡ್ಡವನು ಎಂಬರ್ಥದ ಜೋಡಿಯಿದ್ದ ಕಡೆ ನಹೂಮ ಪ್ರೀತಿಯನ್ನು ತೆಗೆದು ಬಲವನ್ನು ಇಟ್ಟಿದ್ದಾನೆ. ಯೋನನ ಪುಸ್ತಕವೂ ಒಂದು ಪದವನ್ನು ಬಿಟ್ಟಿದೆ: ಸತ್ಯ. ಯೋನನ ತಂದೆಯ ಹೆಸರು ಅಮಿತ್ತೈ ಹುಟ್ಟಿದ್ದು ಅದೇ ಹೀಬ್ರೂ ಪದದಿಂದ ಎಂಬುದನ್ನು ನೆನೆದರೆ ಬರೆದವನ ಕುಚೋದ್ಯಕ್ಕೆ ನಗು ಬರುತ್ತದೆ.

ಹೀಗೆ ಒಂದೇ ಮೂಲವಾಕ್ಯ, ಒಂದೇ ನಗರ, ಎರಡು ಚಿತ್ರ. ಇದಕ್ಕಿಂತ ಸ್ಪಷ್ಟವಾಗಿ ಭಿನ್ನಾಭಿಪ್ರಾಯವನ್ನು ದಾಖಲಿಸುವುದು ಹೇಗೆ? ಮೂರು ನಾಲ್ಕು ತಲೆಗಳ ಮಾತನ್ನು ಯೆರೆಮೀಯನೂ ಯೆಹೆಜ್ಕೇಲನೂ ಒಪ್ಪದೆ, ತಂದೆಯ ತಪ್ಪಿಗೆ ಮಗ ಹೊಣೆಯಲ್ಲವೆಂದು ಸಾರುತ್ತಾರೆ. ದಾವೀದ ಜನಗಣತಿ ಮಾಡಿಸಿ ದೇಶಕ್ಕೆ ವ್ಯಾಧಿ ತಂದುಕೊಂಡ ಪ್ರಸಂಗದಲ್ಲಿ, ಗಣತಿಗೆ ಪ್ರೇರೇಪಿಸಿದವನು ದೇವರೆಂದು ಸಮುವೇಲನ ಎರಡನೆಯ ಪುಸ್ತಕ ಹೇಳಿದರೆ, ಅದೇ ಪ್ರಸಂಗವನ್ನು ತಿರುಗಿ ಬರೆದ ಪೂರ್ವಕಾಲವೃತ್ತಾಂತ ಸೈತಾನನೆಂದು ತಿದ್ದುತ್ತದೆ. ಹಳೆಯದನ್ನು ಅಳಿಸಲಿಲ್ಲ, ಹೊಸದನ್ನು ಬಚ್ಚಿಡಲಿಲ್ಲ. ಎರಡನ್ನೂ ಒಂದೇ ಗ್ರಂಥದಲ್ಲಿ ಇಟ್ಟರು.

ಯೋನನ ಪುಸ್ತಕದ ಕೊನೆಗೆ ಬರೋಣ. ಊರ ಹೊರಗೆ ಕುಳಿತ ಯೋನನಿಗೆ ನೆರಳು ಕೊಡಲು ಒಂದು ಗಿಡ ಹುಟ್ಟಿ, ಮರುದಿನವೇ ಹುಳು ತಿಂದು ಒಣಗುತ್ತದೆ. (ಆ ಗಿಡ ಯಾವುದೆಂಬುದರ ಮೇಲೂ ಜಗಳ ನಡೆದಿದೆ. ಜೆರೋಮ್ ತನ್ನ ಲ್ಯಾಟಿನ್ ಅನುವಾದದಲ್ಲಿ ಜನರಿಗೆ ರೂಢಿಯಾಗಿದ್ದ ಸೋರೆಯ ಬದಲು ಐವಿ ಬಳ್ಳಿ ಎಂದು ಬರೆದದ್ದನ್ನು ಕೇಳಿ, ಈಗಿನ ಲಿಬಿಯಾದ ಟ್ರಿಪೋಲಿಯಲ್ಲಿ ಸಭೆಯೇ ದಂಗೆಯೆದ್ದಿತೆಂದು ಅಗಸ್ಟೀನ್ 403ರಲ್ಲಿ ಅವನಿಗೆ ಪತ್ರ ಬರೆದ. ಔಡಲ ಇರಬೇಕೆಂಬುದು ಈಗಿನ ಹಲವರ ಊಹೆ.) ಗಿಡಕ್ಕಾಗಿ ಮರುಗುವ ಯೋನನಿಗೆ ದೇವರು ಕೇಳುತ್ತಾನೆ: ನೀನು ನೆಡದ, ಬೆಳೆಸದ ಗಿಡಕ್ಕೆ ನೀನು ಇಷ್ಟು ಮರುಗುವುದಾದರೆ, ಎಡಬಲ ತಿಳಿಯದ 1,20,000ಕ್ಕೂ ಹೆಚ್ಚು ಜನರೂ ಬಹಳ ದನಗಳೂ ಇರುವ ಈ ಊರಿಗಾಗಿ ನಾನು ಮರುಗಬಾರದೆ?

ದನಗಳು! ಪುಸ್ತಕ ಮುಗಿಯುವುದೇ ದನಗಳ ಮಾತಿನಿಂದ. ಓದುತ್ತಿದ್ದ ನಾವು ಇಲ್ಲಿ ತಡೆದು ನಿಂತೆವು, ಏಕೆಂದರೆ ಸೌಲನ ಕತೆ ನೆನಪಾಯಿತು. ಅಲ್ಲಿ ಕೊಲ್ಲಬೇಕಾದವರ ಪಟ್ಟಿಯಲ್ಲಿ ಎಳೆಯ ಮಕ್ಕಳೂ ದನಗಳೂ ಇದ್ದವು. ದನಗಳನ್ನು ಉಳಿಸಿದ್ದೇ ಅಪರಾಧವಾಗಿತ್ತು, ಅವುಗಳ ಕೂಗು ಸಮುವೇಲನ ಕಿವಿಗೆ ಬಿದ್ದೇ ಸೌಲನ ಗುಟ್ಟು ರಟ್ಟಾಗಿತ್ತು. ಇಲ್ಲಿ ಎಡಬಲ ತಿಳಿಯದವರು (ಮಕ್ಕಳೆಂದೇ ಹಲವರು ಅರ್ಥ ಮಾಡುತ್ತಾರೆ) ಮತ್ತು ದನಗಳು ದೇವರು ಊರನ್ನು ಉಳಿಸಲು ಕೊಡುವ ಕಾರಣ. ಇನ್ನೊಂದು ಸೋಜಿಗವಿದೆ. ಸೌಲನ ಅಧ್ಯಾಯದಲ್ಲಿಯೇ ಸೌಲನನ್ನು ಅರಸನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟನೆಂದು ಎರಡು ಸಲ ಬರುತ್ತದೆ, ಮಧ್ಯದಲ್ಲಿ ದೇವರು ಮನುಷ್ಯನಂತೆ ಪಶ್ಚಾತ್ತಾಪಪಡುವವನಲ್ಲ ಎಂದು ಸಮುವೇಲನೇ ಗುಡುಗುತ್ತಾನೆ. ಒಂದೇ ಅಧ್ಯಾಯದೊಳಗೆ! ಯೋನನ ಕತೆಯ ಲೇಖಕ ಸೌಲನ ಕತೆಯನ್ನು ಮನಸ್ಸಿನಲ್ಲಿಟ್ಟೇ ಬರೆದನೆಂದು ಸಾಧಿಸಲು ನಮ್ಮಿಂದಾಗದು. ಆದರೆ ಎರಡನ್ನೂ ಓದಿದವನ ಮನಸ್ಸಿನಲ್ಲಿ ಅವು ಒಂದಕ್ಕೊಂದು ಉತ್ತರ ಕೊಡದೆ ಇರಲಾರವು.

ಈ ಒಳಜಗಳವನ್ನು ಕತ್ತರಿಯಿಂದ ಬಗೆಹರಿಸಲು ಹೊರಟ ಮೊದಲಿಗ ಮಾರ್ಸಿಯನ್. ಕಪ್ಪು ಸಮುದ್ರದ ತೀರದ ಸಿನೋಪೆಯ ಹಡಗು ವ್ಯಾಪಾರಿ. ರೋಮಿಗೆ ಬಂದು ಅಲ್ಲಿನ ಸಭೆಗೆ ಎರಡು ಲಕ್ಷ ಸೆಸ್ಟರ್ಸ್ ಹಣ ಕೊಟ್ಟ. 144ರಲ್ಲಿ ಸಭೆ ಅವನನ್ನು ಹೊರಹಾಕಿ ಹಣವನ್ನೂ ಹಿಂದಿರುಗಿಸಿತು. ಅವನ ವಾದದಲ್ಲಿ ದೇವರು ನಿಜವಾಗಿಯೂ ಇಬ್ಬರು. ಲೋಕವನ್ನು ಸೃಷ್ಟಿಸಿದ, ಯೆಹೂದ್ಯರ ಗ್ರಂಥದ ದೇವರು ಬರೀ ನ್ಯಾಯದವನು. ಯೇಸುವಿನ ತಂದೆ ಅದುವರೆಗೆ ಯಾರಿಗೂ ಗೊತ್ತಿರದ ಇನ್ನೊಬ್ಬ, ಕೇವಲ ಕರುಣೆ. ಹಳೆ ಒಡಂಬಡಿಕೆಯನ್ನು ಪೂರಾ ಬಿಟ್ಟು, ಲೂಕನ ಸುವಾರ್ತೆಯೊಂದನ್ನೂ ಪೌಲನ ಹತ್ತು ಪತ್ರಗಳನ್ನೂ ಇಟ್ಟುಕೊಂಡ, ಅವುಗಳಲ್ಲಿಯೂ ತನಗೆ ಒಗ್ಗದ್ದನ್ನು ತೆಗೆದ. ಅವನ ಪುಸ್ತಕಗಳು ಉಳಿದಿಲ್ಲ, ವಿರೋಧಿಗಳು ಬರೆದದ್ದರಿಂದಲೇ ನಮಗೆ ಗೊತ್ತು. ಟರ್ಟುಲಿಯನ್ ಅವನನ್ನು ಖಂಡಿಸಲು ಐದು ಸಂಪುಟ ಬರೆದ. ನಮ್ಮ ಕುತೂಹಲ ಕೆರಳಿಸಿದ್ದು ನಾಲ್ಕನೆಯ ಶತಮಾನದ ಎಪಿಫೇನಿಯಸ್ ಕೊಡುವ ಒಂದು ಸಣ್ಣ ವಿವರ. ಲೂಕನ 11ನೆಯ ಅಧ್ಯಾಯದಲ್ಲಿ ಯೇಸು ಯೋನನನ್ನೂ ಪಶ್ಚಾತ್ತಾಪಪಟ್ಟ ನಿನೆವೆಯವರನ್ನೂ ನೆನೆಯುವ ಮಾತು ಮಾರ್ಸಿಯನ್ನನ ಪ್ರತಿಯಲ್ಲಿ ಇರಲಿಲ್ಲವಂತೆ. ಇರಲು ಹೇಗೆ ಸಾಧ್ಯ? ಯೆಹೂದ್ಯರ ದೇವರಲ್ಲಿ ಕರುಣೆಯಿಲ್ಲವೆನ್ನುವವನಿಗೆ ಯೋನನ ಪುಸ್ತಕದಷ್ಟು ಅಪಾಯಕಾರಿಯಾದದ್ದು ಬೇರೆ ಇಲ್ಲ.

ಸಭೆ ಮಾರ್ಸಿಯನ್ನನನ್ನು ಹೊರಗಿಟ್ಟಿತು, ಆದರೆ ಅವನ ವಾಕ್ಯ ಒಳಗೇ ಉಳಿಯಿತು. ನಾವು ಆರಂಭದಲ್ಲಿ ಹೇಳಿದ ಅಭಿಪ್ರಾಯ ಅವನದೇ, ಸ್ವಲ್ಪ ಸೌಮ್ಯಗೊಂಡ ರೂಪದಲ್ಲಿ. ಅದು ನಿರಪಾಯವೆಂದು ಭಾವಿಸುವವರು ಜರ್ಮನಿಯ ಕತೆಯನ್ನು ಕೇಳಬೇಕು. 1933ರ ನವೆಂಬರಿನಲ್ಲಿ ಬರ್ಲಿನ್ನಿನ ಕ್ರೀಡಾಭವನದಲ್ಲಿ ನಾಜಿ ಪರ ಕ್ರೈಸ್ತರ ದೊಡ್ಡ ಸಭೆಯೊಂದರಲ್ಲಿ ಹಳೆ ಒಡಂಬಡಿಕೆಯನ್ನು ಕಿತ್ತೊಗೆಯಬೇಕೆಂಬ ಕರೆ ಎದ್ದಿತು. 1939ರಲ್ಲಿ ಐಸೆನಾಕ್‌ನಲ್ಲಿ, ಜರ್ಮನ್ ಸಭೆಯ ಬದುಕಿನಿಂದ ಯೆಹೂದ್ಯ ಪ್ರಭಾವವನ್ನು ತೊಡೆಯುವುದಕ್ಕೆಂದೇ ಒಂದು ಸಂಸ್ಥೆ ತೆರೆಯಿತು. ವಾಲ್ಟರ್ ಗ್ರುಂಡ್‌ಮನ್ ಎಂಬ ಹೊಸ ಒಡಂಬಡಿಕೆಯ ಪ್ರಾಧ್ಯಾಪಕ ಅದರ ವಿದ್ವತ್ ಮುಖ್ಯಸ್ಥ. ಮರುವರ್ಷ ಅವರು ಯೆಹೂದ್ಯ ಅಂಶಗಳನ್ನು ತೆಗೆದ ಹೊಸ ಒಡಂಬಡಿಕೆಯೊಂದನ್ನು ಅಚ್ಚು ಮಾಡಿದರು. ಅದೇ 1940ರಲ್ಲಿ ಡೀಟ್ರಿಚ್ ಬಾನ್‌ಹಾಫರ್ ಕೀರ್ತನೆಗಳನ್ನು, ಅಂದರೆ ಹಳೆ ಒಡಂಬಡಿಕೆಯ ಹಾಡುಗಳನ್ನು, ಬೈಬಲಿನ ಪ್ರಾರ್ಥನಾ ಪುಸ್ತಕವೆಂದು ಕರೆದು ಕಿರುಹೊತ್ತಗೆಯೊಂದನ್ನು ಪ್ರಕಟಿಸಿದ. 1945ರ ಏಪ್ರಿಲ್ 9ರಂದು ನಾಜಿಗಳು ಅವನನ್ನು ಗಲ್ಲಿಗೇರಿಸಿದರು. ಹಿಟ್ಲರನ ವಿರುದ್ಧದ ಸಂಚಿನಲ್ಲಿ ಪಾಲುಗೊಂಡದ್ದು ಅದಕ್ಕೆ ಕಾರಣ, ಪುಸ್ತಕವಲ್ಲ. ಆದರೂ ಈ ಎರಡು ಪುಸ್ತಕಗಳು ಒಂದೇ ವರ್ಷ ಒಂದೇ ದೇಶದಲ್ಲಿ ಹೊರಬಂದದ್ದನ್ನು ಮರೆಯಲಾಗದು.

ಕತ್ತರಿ ಬೇಡವೆಂದವರು ಬೇರೆ ದಾರಿ ಹಿಡಿದರು. ಮೂರನೆಯ ಶತಮಾನದ ಒರಿಗೆನ್, ಯೆಹೋಶುವನ ಪುಸ್ತಕದ ಮೇಲಿನ ತನ್ನ ಉಪನ್ಯಾಸಗಳಲ್ಲಿ, ಕೊಲ್ಲಬೇಕಾದ ಕಾನಾನ್ಯರು ನಮ್ಮೊಳಗಿನ ದುರ್ಗುಣಗಳೆಂದು ವಿವರಿಸಿದ. ಮನಸ್ಸಿಗೆ ಹಿತವಾದ ವಿವರಣೆ. ಆದರೆ ರೂಪಕವೆಂದು ಒಪ್ಪದವನ ಕೈಯಲ್ಲಿ ಅದೇ ಪುಟ ಮತ್ತೆ ಕತ್ತಿಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಂತರ ಹೆಚ್ಚು ಬಳಕೆಗೆ ಬಂದದ್ದು ಮೆಟ್ಟಿಲುಗಳ ವಿವರಣೆ: ಮನುಷ್ಯ ಬೆಳೆದಂತೆ ದೇವರ ಅರಿವೂ ಬೆಳೆಯಿತು, ಮೊದಲು ಕ್ರೂರ, ಆಮೇಲೆ ನ್ಯಾಯವಂತ, ಕೊನೆಗೆ ಪ್ರೀತಿ. ಕೇಳಲು ಚೆನ್ನ, ಕಾಲಗಣನೆ ಮಾತ್ರ ಕೂಡಿಬರುವುದಿಲ್ಲ. ನಹೂಮನಿಗಿಂತ ನೂರು ವರ್ಷಕ್ಕೂ ಹಿಂದಿನ ಹೋಶೇಯನಲ್ಲಿ ದೇವರು ಮಗುವಿಗೆ ನಡೆಯಲು ಕಲಿಸಿದ ತಂದೆಯಂತೆ ಮಾತಾಡುತ್ತಾನೆ. ಶಿಕ್ಷಿಸಲು ಹೊರಟು, ತನ್ನ ಹೃದಯವೇ ತನ್ನೊಳಗೆ ತಿರುಗಿಬಿತ್ತೆನ್ನುತ್ತಾನೆ. ಅಲ್ಲಿರುವ ಕ್ರಿಯಾಪದ ಸೊದೋಮನ್ನು ಕೆಡವಿದ್ದೇ, ಯೋನ ನಿನೆವೆಯಲ್ಲಿ ಕೂಗಿದ್ದೇ. ಊರು ಕೆಡವಲ್ಪಡುವ ಬದಲು ದೇವರ ಎದೆ ಕೆಡವಲ್ಪಟ್ಟಿತು. ಅತ್ತ ಕುದುರೆಯ ಕಡಿವಾಣದವರೆಗೆ ರಕ್ತ ಹರಿಸಿದ ಪ್ರಕಟನೆ ಬೈಬಲಿನ ಕೊನೆಯ ಪುಸ್ತಕ. ಮೆಟ್ಟಿಲು ಯಾವ ಕಡೆಗೆ ಏರುತ್ತಿದೆ?

ನಮಗೆ ಹೆಚ್ಚು ನೆರವಾದದ್ದು ಒಬ್ಬ ಧರ್ಮಶಾಸ್ತ್ರಜ್ಞನ ಗ್ರಂಥಕ್ಕಿಂತ ಒಂದು ವಿಚಾರಣೆ. 1550-51ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದಲ್ಲಿ, ಅಮೆರಿಕದ ಮೂಲನಿವಾಸಿಗಳ ಮೇಲೆ ಯುದ್ಧ ಮಾಡಿ ಅವರನ್ನು ಅಧೀನಗೊಳಿಸುವುದು ನ್ಯಾಯವೇ ಎಂದು ವಿದ್ವಾಂಸರ ಮುಂದೆ ವಾದ ನಡೆಯಿತು. ನ್ಯಾಯವೆಂದ ಸೆಪುಲ್ವೇದ, ವಿಗ್ರಹಾರಾಧಕರಾದ ಕಾನಾನ್ಯರನ್ನು ದೇವರು ನಾಶಮಾಡಿಸಲಿಲ್ಲವೇ ಎಂದು ಹಳೆ ಒಡಂಬಡಿಕೆಯನ್ನೇ ಮುಂದಿಟ್ಟ. ಎದುರು ನಿಂತವನು ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಅವನೂ ಒಮ್ಮೆ ಆ ಜನರನ್ನು ಜೀತಕ್ಕಿಟ್ಟುಕೊಂಡಿದ್ದವನೇ, 1514ರಲ್ಲಿ ಬಿಟ್ಟುಕೊಟ್ಟವನು. ಆ ಆಜ್ಞೆ ಆ ಜನಾಂಗಗಳಿಗೆ, ಆ ಕಾಲಕ್ಕೆ ಕೊಟ್ಟದ್ದು, ಇನ್ನೊಬ್ಬರು ಅನುಕರಿಸಲು ಕೊಟ್ಟ ಮಾದರಿಯಲ್ಲ ಎಂದು ಅವನು ವಾದಿಸಿದ. ನ್ಯಾಯಾಧೀಶರು ಸ್ಪಷ್ಟ ತೀರ್ಪು ಕೊಡಲಿಲ್ಲ. ಅಮೆರಿಕದಲ್ಲಿ ಆಗುವುದು ಆಗಿಯೇ ಹೋಯಿತು. ಲಾಸ್ ಕಾಸಾಸ್ ಕಾನಾನ್ಯರ ಪುಟವನ್ನು ಹರಿದುಹಾಕಲಿಲ್ಲ, ರೂಪಕವನ್ನಾಗಿಯೂ ಮಾಡಲಿಲ್ಲ. ಈ ಪುಟವನ್ನು ಈಗ ಯಾರು ಯಾರ ವಿರುದ್ಧ ಓದುತ್ತಿದ್ದಾರೆ ಎಂದು ಕೇಳಿದ. ಕಾನಾನ್ಯರ ಮೇಲೆ ಕತ್ತಿಯೆತ್ತಲು ದೇವರೇ ಹೇಳಿದ್ದನೇ ಎಂಬ ಮೂಲಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ ನಿಜ. ಸಮುವೇಲನ 15ನೆಯ ಅಧ್ಯಾಯ ನಮಗೆ ಇಂದಿಗೂ ನುಂಗಲಾಗದ ತುತ್ತು, ಹಾಗೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಲಾಸ್ ಕಾಸಾಸನ ಪ್ರಶ್ನೆಯನ್ನು ಹಿಡಿದು ನಹೂಮನ ಬಳಿಗೆ ಹಿಂದಿರುಗಿದಾಗ ಅವನು ನಮಗೆ ಬೇರೆಯಾಗಿ ಕಂಡ. ಅವನ ಹೆಸರಿನ ಅರ್ಥ ಸಂತೈಸುವವನು. ಯೋನನ ಕತೆಯಲ್ಲಿ ದೇವರು ಮನಸ್ಸು ಬದಲಿಸಿದ್ದಕ್ಕೆ ಬಳಸಿದ ಕ್ರಿಯಾಪದದ ಧಾತುವೂ ಅದೇ. ಗಾಡಿಯ ಮೇಲೆ ಗಡೀಪಾರಾಗುತ್ತಿದ್ದ ಲಾಕೀಷಿನ ತಾಯಿಗೆ, ನಿನ್ನನ್ನು ಹೀಗೆ ಮಾಡಿದವನಿಗೂ ಲೆಕ್ಕ ಕೇಳುವವನೊಬ್ಬನಿದ್ದಾನೆ ಎಂದು ಹೇಳುವುದಲ್ಲದೆ ಬೇರೆ ಸಾಂತ್ವನ ಯಾವುದಿತ್ತು? ಆ ಹೆಣ್ಣುಮಗಳ ಕಿವಿಗೆ ಹೇಳಿದಾಗ ಅದು ಸಾಂತ್ವನ. ಸೈನ್ಯವಿರುವ ಅರಸನ ಕಿವಿಗೆ ಹೇಳಿದಾಗ ಅದು ಅಪ್ಪಣೆ. ಆದ್ದರಿಂದ ಯೋನ ಬಂದ ಮೇಲೆ ನಹೂಮ ಬೇಡವೆನ್ನುವ ವಿಮರ್ಶಕರೊಡನೆ ನಮಗೆ ಸಹಮತವಿಲ್ಲ. ಯೋನನ ಪುಸ್ತಕವನ್ನು, ಅನ್ಯರಿಗೆ ದೇವರ ದಯೆ ಸಿಗುವುದನ್ನು ಸಹಿಸದ ಯೆಹೂದ್ಯನ ಅಣಕವೆಂದು ಓದುವ ಹಳೆಯ ಕ್ರೈಸ್ತ ರೂಢಿಯೂ ನಮಗೆ ಅನ್ಯಾಯವಾಗಿ ತೋರುತ್ತದೆ. ಅದನ್ನು ಬರೆದವರೂ ಯೆಹೂದ್ಯರೇ, ಪ್ರಾಯಶ್ಚಿತ್ತದ ದಿನದ ಮಧ್ಯಾಹ್ನ ತಮ್ಮ ಪ್ರಾರ್ಥನಾಲಯಗಳಲ್ಲಿ ಇಂದಿಗೂ ಅದನ್ನು ಓದುವವರೂ ಅವರೇ. ಯೋನ ಅಸೂಯೆಯವನಲ್ಲ, ತನ್ನ ಜನರನ್ನು ಕೊಂದವರಿಗೆ ಕ್ಷಮೆ ಸಿಕ್ಕಿದ್ದನ್ನು ನೋಡಬೇಕಾಗಿ ಬಂದವನು. ಅವನ ಸಿಟ್ಟಿಗೆ ಕಾರಣವಿತ್ತು. ಇದ್ದರೂ ದೇವರು ಅವನನ್ನು ಗದರಿಸದೆ ಪ್ರಶ್ನೆ ಕೇಳುತ್ತಾನೆ, ಅವನು ಕೊಟ್ಟ ಉತ್ತರವನ್ನು ಪುಸ್ತಕ ನಮಗೆ ತಿಳಿಸುವುದಿಲ್ಲ.

ಹಳೆಯ ಲಿಪಿಕಾರರಿಗೂ ಈ ಇಬ್ಬರಲ್ಲಿ ಯಾರನ್ನು ಹಿಡಿಯಬೇಕೆಂದು ತೋಚದೆ ಹೋದದ್ದಕ್ಕೆ ಒಂದು ಸಾಕ್ಷಿ ಉಳಿದಿದೆ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಬೈಬಲುಗಳಲ್ಲಿರುವ ತೋಬಿತನ ಪುಸ್ತಕದಲ್ಲಿ, ನಿನೆವೆಯಲ್ಲಿ ಗಡೀಪಾರಾಗಿ ಬದುಕಿದ ಮುದುಕ ತೋಬಿತ ಸಾಯುವ ಮುನ್ನ ಮಗನನ್ನು ಕರೆದು, ಈ ಊರನ್ನು ಬಿಟ್ಟು ಹೋಗು, ಪ್ರವಾದಿ ಹೇಳಿದ್ದು ನಡೆದೇ ನಡೆಯುತ್ತದೆ ಎನ್ನುತ್ತಾನೆ. ಯಾವ ಪ್ರವಾದಿ? ನಾಲ್ಕನೆಯ ಶತಮಾನದ ಸಿನಾಯಿ ಹಸ್ತಪ್ರತಿಯಲ್ಲಿ ನಹೂಮ ಎಂದಿದೆ. ಅದೇ ಶತಮಾನದ ವ್ಯಾಟಿಕನ್ ಹಸ್ತಪ್ರತಿಯಲ್ಲಿ ಯೋನ ಎಂದಿದೆ.

ನಿನೆವೆಯ ದಿಬ್ಬಗಳಲ್ಲೊಂದರ ಮೇಲೆ ನೆಬಿ ಯೂನುಸ್ ಮಸೀದಿಯಿತ್ತು. ಯೋನನ ಗೋರಿ ಅಲ್ಲಿದೆಯೆಂಬ ನಂಬಿಕೆಯಿಂದ ಜನ ಅಲ್ಲಿಗೆ ಹೋಗುತ್ತಿದ್ದರು, ಅದಕ್ಕೂ ಮೊದಲು ಅಲ್ಲಿ ಕ್ರೈಸ್ತರ ಮಠವಿತ್ತೆನ್ನುತ್ತಾರೆ. 2014ರ ಜುಲೈಯಲ್ಲಿ ಐಸಿಸ್ ಪಡೆಗಳು ಮೊಸುಲಿನ ಕ್ರೈಸ್ತರಿಗೆ ಊರು ಬಿಡಲು ಗಡುವು ಕೊಟ್ಟವು. ಅದೇ ತಿಂಗಳ 24ರಂದು ಸಿಡಿಮದ್ದಿಟ್ಟು ಆ ಮಸೀದಿಯನ್ನೂ ಉಡಾಯಿಸಿದವು. ಊರು ಬಿಟ್ಟು ಹೋದವರಿಗೆ ಆ ವರ್ಷ ನಹೂಮನೇ ಹತ್ತಿರದವನೆನಿಸಿದ್ದರೆ ನಾವು ಯಾವ ಬಾಯಿಂದ ತಪ್ಪೆನ್ನೋಣ? ಆದರೆ ಅವರ ಸುರಿಯಾನಿ ಸಭೆಗಳಲ್ಲಿ ನಿನೆವೆಯವರ ಉಪವಾಸ ಎಂಬುದೊಂದು ಶತಮಾನಗಳಿಂದ ನಡೆದು ಬಂದಿದೆ. ಈಸ್ಟರಿನ ದೊಡ್ಡ ಉಪವಾಸಕ್ಕೆ ಮೂರು ವಾರ ಮುಂಚೆ, ಸೋಮವಾರದಿಂದ ಬುಧವಾರದವರೆಗೆ ಮೂರು ದಿನ. ಕೇರಳದ ಸುರಿಯಾನಿ ಸಭೆಗಳಲ್ಲಿ ಇದಕ್ಕೆ ಮೂರು ನೊಂಬು ಎನ್ನುತ್ತಾರೆ. ಅಲ್ಲಿಂದ ಬಂದು ದಕ್ಷಿಣ ಕನ್ನಡದ ಬೆಳ್ತಂಗಡಿ, ಕಡಬದ ಕಡೆ ತೋಟ ಮಾಡಿಕೊಂಡಿರುವ ಮನೆಗಳವರಿಗೂ ಗೊತ್ತಿರುವ ಆಚರಣೆ ಅದು. ಆ ದಿನಗಳಲ್ಲಿ ಸಭೆಯಲ್ಲಿ ಯೋನನ ಪುಸ್ತಕವನ್ನು ಓದುತ್ತಾರೆ, ದನಗಳ ಪ್ರಶ್ನೆಯವರೆಗೂ.